ಶಿನ್‌ಕಾವಾ ದಂಡೆಯ ಬೇವು

ಮರ ಇನ್ನೂ ಬೋಳಾಗಿಯೇ ನಿಂತಿತ್ತು. ಕಾತ್ಯಾಯಿನಿ ಸೈಕಲ್ಲನ್ನು ಶಿನ್‌ಕಾವಾ ಕಾಲುವೆಯ ಕಂಬಿಗೆ ಒರಗಿಸಿ, ಕೈಗೆಟುಕುವ ಕೊಂಬೆಯೊಂದನ್ನು ಬಗ್ಗಿಸಿ, ತುದಿಯ ಮೊಗ್ಗನ್ನು ಎರಡು ಬೆರಳ ನಡುವೆ ಹಿಡಿದು ನೋಡಿದಳು. ಕಲ್ಲಿನಂತಿತ್ತು. ಆಚೆ ದಂಡೆಯಲ್ಲಿ ಚೆರ್ರಿ ಆಗಲೇ ಬಿರಿದಿತ್ತು. ಇದೊಂದು ಮಾತ್ರ ಯಾವ ಅವಸರವೂ ಇಲ್ಲದೆ, ಚಳಿಗಾಲದ ಹಳದಿ ಕಾಯಿಗಳನ್ನೇ ತೂಗಿಕೊಂಡು ನಿಂತಿತ್ತು.

"ಬೇಗ ಚಿಗುರು ಮಾರಾಯ," ಎಂದು ಮಾಸ್ಕಿನೊಳಗೇ ಗೊಣಗಿದಳು. ಯುಗಾದಿಗೆ ಇನ್ನು ಇಪ್ಪತ್ತಾರು ದಿನವಿತ್ತು.

ಆ ಎಲೆ ಅವಳಿಗೆ ಬೇಕಾಗಿರಲಿಲ್ಲ. ಅದನ್ನು ರಾಮಚಂದ್ರ ಕೀಳಬೇಕಾಗಿತ್ತು.

ಕಾತ್ಯಾಯಿನಿ ಶಿರಾದ ಕಾಲೇಜಿನಲ್ಲಿ ಆರು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. ಗಂಡ ಉದಯ್‌ನನ್ನು ಕಂಪನಿ ತೋಕಿಯೋಗೆ ಕಳಿಸಿದಾಗ ಕೆಲಸ ಬಿಟ್ಟು ಅಲ್ಲಿನ ಫುನಾಬೊರಿ ಬಡಾವಣೆಗೆ ಬಂದಳು. ಅಪ್ಪ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಮಾಲಿಯಾಗಿದ್ದವರು. ಮಗಳಿಗೆ ಅಕ್ಷರಕ್ಕಿಂತ ಮೊದಲು ಕಸಿ ಕಟ್ಟುವುದನ್ನು ಕಲಿಸಿದವರು. "ನೋಡಿದ್ರೆ ಗೊತ್ತಾಗಲ್ಲ ಮಗಾ, ಮುಟ್ಟು. ಮೊಗ್ಗು ಕಿವಿ ಹಾಲೆಯಷ್ಟು ಮೆತ್ತಗಾದ್ರೆ ಇನ್ನು ಹತ್ತು ದಿನ," ಎನ್ನುತ್ತಿದ್ದರು.

ಹಿಂದಿನ ವರ್ಷ, ಕೊರೋನಾ ಬಂದು ಎಲ್ಲರೂ ಮನೆ ಸೇರಿದ ಆ ವಸಂತದಲ್ಲಿ, ಅವಳು ದಿನಕ್ಕೊಂದು ಸುತ್ತು ನಡೆದು ಬಂದು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ, ನಾಲ್ಕು ಸಾಲು ಹಾಕುತ್ತಿದ್ದಳು. ಇವತ್ತು ಪೋಸ್ಟಾಫೀಸಿನ ಮೆಟ್ಟಿಲ ಬಿರುಕಿನಲ್ಲಿ ನೇರಳೆ ಹೂ. ಇವತ್ತು ಹುಲ್ಲಿನೊಳಗೆ ಜೋಳದ ಕಾಳಿನಷ್ಟು ನೀಲಿ. ಪಕ್ಕದ ಕೋಟೋ ವಾರ್ಡಿನ ಎತ್ತರದ ಫ್ಲ್ಯಾಟುಗಳಲ್ಲಿ ಕೂತವರು ಬೆಳಿಗ್ಗೆಯೇ ಕೇಳುತ್ತಿದ್ದರು, "ಮೇಡಂ, ಇವತ್ತೇನು ಚಿಗುರ್ತು?" ಅಪ್ಪನ ಕಿವಿಹಾಲೆಯ ಮಾತನ್ನೂ ಒಂದು ದಿನ ಬರೆದಿದ್ದಳು. ಆಗಸ್ಟಿನಲ್ಲಿ ಅಪ್ಪ ಕೊರೋನಾದಿಂದಲೇ ಹೋದರು. ವಿಮಾನವಿರಲಿಲ್ಲ. ತಮ್ಮ ಹಿಡಿದ ಫೋನಿನಲ್ಲಿ ಚಿತೆಯನ್ನು ಅಂಗೈಯಷ್ಟಗಲ ನೋಡಿದಳು.

ಜನವರಿಯಲ್ಲಿ ಸಂಕ್ರಾಂತಿಯ ಕಾರ್ಯಕ್ರಮ ಝೂಮ್‌ನಲ್ಲಿ ನಡೆಯಿತು. ಇಪ್ಪತ್ತೆರಡು ವರ್ಷದಿಂದ ಜಪಾನಿನಲ್ಲಿರುವ ರಾಮಚಂದ್ರ, ಗುಂಪಿಗೆ ಹಿರಿಯರು, "ನಾನು ಕಂಡ ತೋಕಿಯೋ ವಸಂತ" ಎಂದು ಮುಕ್ಕಾಲು ಗಂಟೆ ಮಾತಾಡಿದರು. ಮೆಟ್ಟಿಲ ಬಿರುಕು ಬಂತು. ಜೋಳದ ಕಾಳು ಬಂತು. ಕೊನೆಗೆ ತನ್ನ ಹೆಸರು ಹೇಳುತ್ತಾರೆಂದು ಕಾತ್ಯಾಯಿನಿ ಸಂಕೋಚದಿಂದ ಸೆರಗು ಸರಿಮಾಡಿಕೊಂಡಳು. ಆಗ ರಾಮಚಂದ್ರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಮ್ಮ ತಂದೆಯವರು ಹೇಳ್ತಿದ್ರು, ಮೊಗ್ಗು ಕಿವಿ ಹಾಲೆಯಷ್ಟು ಮೆತ್ತಗಾದ್ರೆ..." ಎಂದರು. ಮೈಸೂರಿನಿಂದ ಅತಿಥಿಗಳಾಗಿ ಸೇರಿದ್ದವರ ಕಡೆಯಿಂದ ಚಪ್ಪಾಳೆಯ ಚಿಹ್ನೆಗಳು ಗುಳ್ಳೆಯಂತೆ ಎದ್ದವು.

ಮರುದಿನ ಫೋನ್ ಮಾಡಿದಳು.

"ಅಯ್ಯೋ, ಗ್ರೂಪಿಗೆ ಬಂದಿದ್ದು ಎಲ್ಲರದ್ದೂ ಅಲ್ವೇನಮ್ಮಾ? ಚೆರ್ರಿ ಹೂವೇನು ನೀವು ಅರಳಿಸಿದ್ದಾ?"

"ಹೂವು ಬಿಡಿ ಸಾರ್. ಅಪ್ಪ?"

"ಸ್ಪೀಚ್ ಅಂದ್ಮೇಲೆ ಒಂದು ಟಚ್ ಬೇಕಾಗತ್ತೆ. ಅಷ್ಟೆಲ್ಲ ಸೆಂಟಿಮೆಂಟ್ ತಗೋಬೇಡಿ," ಎಂದು ನಕ್ಕರು.

"ಬಿಟ್ಬಿಡು ಕಣೇ," ಎಂದ ಉದಯ್. ಅವಳು ಬರೆಯುವುದನ್ನು ಬಿಟ್ಟಳು. ಅದೊಂದನ್ನೇ ಬಿಟ್ಟಿದ್ದು.

ಫೆಬ್ರವರಿ ಕೊನೆಗೆ ಗುಂಪಿನಲ್ಲಿ ರಾಮಚಂದ್ರರ ಚಿತ್ರವೊಂದು ಬಂತು: ಕಾಲುವೆ ದಂಡೆಯ ಬೋಳು ಮರ, ಗೊಂಚಲು ಗೊಂಚಲು ಹಳದಿ ಕಾಯಿ. "ಜಪಾನಿನಲ್ಲೂ ಬೇವು! ನಾನೇ ಹುಡುಕಿದ್ದು. ಈ ಸಲ ಯುಗಾದಿಗೆ ಒರಿಜಿನಲ್ ಬೇವು-ಬೆಲ್ಲ!"

ಆಗಸ್ಟಿನಿಂದೀಚೆಗೆ ಕಾತ್ಯಾಯಿನಿ ಮೊದಲ ಸಲ ಬಾಯಿ ತುಂಬ ನಕ್ಕಳು. ಅದು ಬೇವಲ್ಲ, ಸೆಂದಾನ್. ನೋಟಕ್ಕೆ ಬೇವಿನ ದಾಯಾದಿ. ಕಾಯಿಯೂ ಎಲೆಯೂ ವಿಷ. ಅವಳ ಕಡೆ ಹುಚ್ಚುಬೇವು ಎನ್ನುತ್ತಿದ್ದರು. ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಬರೆದಳು ಕೂಡ. ಕಳಿಸುವ ಮುಂಚೆ ಅಳಿಸಿದಳು. ಈಗ ಹೇಳಿದರೆ ಥ್ಯಾಂಕ್ಸ್ ಎಂದು, ಸಂಜೆಯೊಳಗೆ ಸೆಂದಾನ್ ಬಗ್ಗೆಯೇ ಭಾಷಣ ಮಾಡುವ ಮನುಷ್ಯ. ಬೇಡ, ಯುಗಾದಿಯ ಝೂಮ್‌ನಲ್ಲಿ, ಅದೇ ಮೈಸೂರಿನವರ ಮುಂದೆ, ಸೊಪ್ಪನ್ನು ಕ್ಯಾಮೆರಾಕ್ಕೆ ಹಿಡಿಯಲಿ. ಆಮೇಲೆ ಹೇಳಿದರಾಯಿತು.

ಹೀಗಾಗಿ ಅವಳಿಗೆ ಆ ಮರ ಹಬ್ಬದೊಳಗೆ ಚಿಗುರಲೇಬೇಕಿತ್ತು.

ಆ ವರ್ಷದ ವಸಂತವನ್ನು ಅವಳಷ್ಟು ಸೂಕ್ಷ್ಮವಾಗಿ ಊರಿನಲ್ಲಿ ಬೇರೆ ಯಾರೂ ನೋಡಿರಲಾರರು. ಪ್ಲಮ್ ಹೂ ಉದುರಿದ ದಿನ, ಮೊದಲ ದಕ್ಷಿಣದ ಗಾಳಿ ಸೈಕಲ್ಲುಗಳನ್ನು ಸಾಲಾಗಿ ಉರುಳಿಸಿದ ದಿನ, ನದಿಯಾಚೆಯ ಬಯಲಲ್ಲಿ ಸಾಸಿವೆಯ ಹಳದಿ ಹರಡಿದ ದಿನ, ಎಲ್ಲವೂ ಬಾಯಿಪಾಠವಾಗಿತ್ತು. ಯಾವುದೂ ಖುಷಿ ಕೊಡಲಿಲ್ಲ. ಯಾರದೋ ತೋಟದ ಬೇಲಿಯ ಮೇಲೆ ಉಗುಇಸು ಹಕ್ಕಿ ಹಾಡಲು ಬಾರದೆ ತಡವರಿಸುತ್ತಿದ್ದರೆ, ಇದು ಕಲಿಯುವಷ್ಟರಲ್ಲಿ ರಾಮಚಂದ್ರರ ಮುಖ ನೋಡಬೇಕು, ಎಂದುಕೊಳ್ಳುತ್ತಿದ್ದಳು. ಏಪ್ರಿಲ್ ಒಂದರಂದು ಕೊಂಬೆ ಬಗ್ಗಿಸಿ ಮುಟ್ಟಿದಳು. ಇನ್ನೊಂದು ಕೈಯಲ್ಲಿ ತನ್ನ ಕಿವಿಯ ಹಾಲೆ ಹಿಡಿದು ನೋಡಿದಳು. ಎರಡೂ ಒಂದೇ ಆಗಿದ್ದವು. ಅಪ್ಪನ ವಿದ್ಯೆಯನ್ನು ಇಂಥದ್ದಕ್ಕೆ ಬಳಸುತ್ತಿದ್ದೇನೆ ಎಂದು ಒಂದು ಕ್ಷಣ ನಾಚಿಕೆಯಾಯಿತು. ಒಂದೇ ಕ್ಷಣ.

ಹನ್ನೊಂದಕ್ಕೆ ಎಳೆ ಹಸಿರು ಬಿಚ್ಚಿತು. ಹನ್ನೆರಡರ ಸೋಮವಾರ ನೋಡಿದರೆ ಕೈಗೆಟುಕುವ ಕೊಂಬೆಗಳೆಲ್ಲ ಬೋಳು. ಕಿತ್ತಾಗಿತ್ತು.

ಸಂಜೆ ಅವಳ ಮನೆಯ ಬಾಗಿಲ ಹಿಡಿಗೆ ಒಂದು ಪುಟ್ಟ ಕಾಗದದ ಚೀಲ ನೇತಾಡುತ್ತಿತ್ತು. ಒಳಗೆ ಅಚ್ಚುಬೆಲ್ಲದ ತುಂಡು, ಎಳೆ ಎಲೆಗಳು, ಒಂದು ಚೀಟಿ: "ಬೆಳಿಗ್ಗೆ ಸ್ನಾನವಾದ ಮೇಲೆ ಮಕ್ಕಳಿಗೂ ಕೊಡಿ. ಕೊರೋನಾ ಹತ್ತಿರ ಸುಳಿಯಲ್ಲ. — ರಾಮಚಂದ್ರ." ಇಪ್ಪತ್ತೇಳು ಮನೆಗೆ ಮುಟ್ಟಿಸಿದ್ದೇನೆ ಎಂದು ಗುಂಪಿನಲ್ಲೂ ಬರೆದಿದ್ದರು.

ಕಾತ್ಯಾಯಿನಿ ಇದನ್ನು ಎಣಿಸಿರಲಿಲ್ಲ. ಕ್ಯಾಮೆರಾ ಮುಂದೆ ಒಂದು ಕಂತೆ, ಅಷ್ಟೇ ಎಂದುಕೊಂಡಿದ್ದಳು. ಲಿಫ್ಟಿಗೂ ಕಾಯದೆ ಎರಡು ಮಹಡಿ ಕೆಳಗಿದ್ದ ಉಷಾಳ ಮನೆಗೆ ಓಡಿದಳು. ಬಾಗಿಲು ತೆಗೆದದ್ದು ಅವಳ ಮಗಳು, ಏಳು ವರ್ಷದ ಅಮೂಲ್ಯ. ನಾಲಿಗೆ ಹೊರಗೆ ಚಾಚಿ, "ನಿಗಾಇ! ಆಂಟಿ, ಸೋ ನಿಗಾಇ!" ಎಂದು ಮುಖ ಕಿವುಚಿದಳು. ಕಹಿ, ತುಂಬಾ ಕಹಿ.

"ಎಷ್ಟು ತಿಂದಳು?"

"ಒಂದೆಲೆ, ಅದನ್ನೂ ಉಗಿದ್ಲು," ಎಂದಳು ಉಷಾ ಒಳಗಿನಿಂದ ಬರುತ್ತಾ. "ಇದೇನು ಮಾಸ್ಕೂ ಇಲ್ದೆ ಬಂದಿದ್ದೀರಾ?"

ಅದು ವಿಷದ ಸೊಪ್ಪೆಂದು ಕಾತ್ಯಾಯಿನಿ ಹೇಳಿದ್ದೇ, ಮಗುವಿನ ಬಾಯಿ ಮೂರು ಸಲ ತೊಳೆಸಿದ್ದಾಯಿತು. ಉಷಾ ಆಸ್ಪತ್ರೆಯ ಸಹಾಯವಾಣಿಗೆ ಕೇಳಿದಳು. ಒಂದು ಗಂಟೆ ನೋಡಿಕೊಳ್ಳಿ ಎಂದರು. ಕಾತ್ಯಾಯಿನಿ ಹೊಸ್ತಿಲಲ್ಲೇ ಕೂತಳು. ಗಂಟೆ ಮುಗಿಯುವ ಮೊದಲೇ ಅಮೂಲ್ಯ ಚಾಕೊಲೇಟ್ ಕೇಳಿ ಜಗಳ ತೆಗೆದಳು. ಆ ಒಂದೆಲೆಯಲ್ಲಿ ತನ್ನದೂ ಪಾಲಿದೆ ಎಂದು ಕಾತ್ಯಾಯಿನಿಗೆ ಗೊತ್ತಿತ್ತು. ಗೊತ್ತಿದ್ದೂ ಪೂರ್ತಿ ರಾಮಚಂದ್ರರ ತಲೆಗೇ ಕಟ್ಟಿದಳು.

ಮನೆಗೆ ಬಂದು ಫೋನ್ ಹಿಡಿದಳು. ಗುಂಪಿಗೆ ಬರೆಯಲಿಲ್ಲ. ಒಂದೊಂದೇ ಮನೆಗೆ ಮಾಡಿದಳು. "ಅದು ಬೇವಲ್ಲ, ವಿಷದ ಸೊಪ್ಪು, ಯಾರೂ ಬಾಯಿಗಿಡಬೇಡಿ. ಚೀಲ ಬಿಸಾಡಬೇಡಿ, ನಾಳೆ ಝೂಮ್‌ಗೆ ತನ್ನಿ. ಅವರಿಗೆ ಮಾತ್ರ ಹೇಳಬೇಡಿ." ಯಾರೂ ತಿಂದಿರಲಿಲ್ಲ. ಕೆಲವರು ಹೆದರಿದರು, ಕೆಲವರು ಕಿಸಕ್ಕನೆ ನಕ್ಕರು, ಎಲ್ಲರೂ ಒಪ್ಪಿದರು.

ಕೊನೆಗೆ ಒಂದೇ ಮನೆ ಉಳಿಯಿತು. ಬೆರಳು ನಿಂತಿತು. ತಿನ್ನಲಿ, ಹೊಟ್ಟೆ ಹಿಡಿದುಕೊಂಡು ಹೊರಳಲಿ ಎಂದು ಕಾತ್ಯಾಯಿನಿ ಯೋಚಿಸಿದಳು. ಆ ಯೋಚನೆಯನ್ನು ದೂಡದೆ, ಕೊನೆಯವರೆಗೂ ನೋಡಿದಳು. ಆಮೇಲೆ ರಾಮಚಂದ್ರರ ಹೆಂಡತಿ ಸರಸ್ವತಿಗೆ ಫೋನ್ ಮಾಡಿದಳು.

"ವಿಷಾನಾ?" ಎಂದರು ಸರಸ್ವತಿ. "ಇವರಿಗೆ ಹೇಳ್ಲಾ?"

"ನಿಮ್ಮಿಷ್ಟ."

"ಬೇಡ ಬಿಡಿ. ಆವತ್ತು ತಂದೆ ತಂದೆ ಅಂತ ಕಣ್ಣೊರೆಸ್ಕೊಂಡ್ರಲ್ಲಾ, ನಮ್ಮ ಮಾವ ಒಂದು ತುಳಸಿಗೂ ನೀರು ಹಾಕಿದ್ದನ್ನ ನಾನು ಕಂಡಿಲ್ಲ. ಯಾರ ಮನೆಯಿಂದ ತಂದ್ರೋ ಆ ತಂದೇನ ಅಂದ್ಕೊಂಡೆ." ದನಿ ತಗ್ಗಿಸಿದರು. "ಬೆಳಿಗ್ಗೆ ಇವರಿಗೆ ಹಾಗಲಕಾಯಿ ಅರೆದು ಕೊಡ್ತೀನಿ. ಕಹಿ ಇದ್ರಾಯ್ತು ತಾನೆ."

ಮರುದಿನ ಸಂಜೆ ಏಳಕ್ಕೆ ಎಲ್ಲರೂ ಪರದೆಯ ಮೇಲೆ ಸೇರಿದರು. ರಾಮಚಂದ್ರ ಜರಿ ಶಲ್ಯ ಹೊದ್ದಿದ್ದರು. ಮೈಸೂರಿನ ಅತಿಥಿಗಳಿಗೆ ಸೊಪ್ಪಿನ ಕಂತೆ ಎತ್ತಿ ತೋರಿಸಿ, "ಬೆಳಿಗ್ಗೆ ಬಾಯಿಗಿಟ್ಟ ತಕ್ಷಣ ಗೊತ್ತಾಯ್ತು ಸ್ವಾಮಿ, ಇದು ನಮ್ಮೂರ ಬೇವಿನ ಕಹಿ! ಬೇರೆ ಯಾವುದಕ್ಕೂ ಬರಲ್ಲ!" ಎಂದರು.

"ಅದು ಹಾಗಲಕಾಯಿ ರೀ," ಎಂದಿತು ಹಿಂದಿನಿಂದ ಒಂದು ದನಿ.

"ಏನು?"

ಉಷಾ ತನ್ನ ಚೀಲ ಎತ್ತಿ ಹಿಡಿದಳು. ಪಕ್ಕದ ಚೌಕದಲ್ಲಿ ಇನ್ನೊಂದು ಎದ್ದಿತು, ಅದರ ಕೆಳಗೆ ಮತ್ತೊಂದು. ಪರದೆಯ ತುಂಬ ಕಾಗದದ ಚೀಲಗಳು.

"ಅದು ಸೆಂದಾನ್ ಸಾರ್, ಹುಚ್ಚುಬೇವು," ಎಂದಳು ಕಾತ್ಯಾಯಿನಿ. "ಮಕ್ಕಳಿಗೂ ಕೊಡಿ ಅಂತ ವಿಷ ಹಂಚಿದ್ದೀರಿ. ಅಮೂಲ್ಯ ಒಂದೆಲೆ ಅಗಿದು ಉಗಿದಳು, ಬಚಾವಾದಳು. ಬೇವಿನ ಗುರುತು ನಿಮ್ಮ ತಂದೆಯವರು ಹೇಳಿಕೊಟ್ಟಿದ್ದಾ?"

ರಾಮಚಂದ್ರರ ಕೈಯಲ್ಲಿ ಕಂತೆ ಇನ್ನೂ ಎತ್ತಿದಂತೆಯೇ ಇತ್ತು. "ಅಮ್ಮಾ, ಇದನ್ನ ಪರ್ಸನಲ್ ಆಗಿ ಮಾತಾಡೋಣ..."

"ಜನವರಿಯಲ್ಲಿ ಇಲ್ಲೇ ಮಾತಾಡಿದ್ರಿ ಸಾರ್, ಎಲ್ಲರ ಮುಂದೆ."

ಅವರು ಶಲ್ಯ ಸರಿಮಾಡಿಕೊಂಡರು. "ನಮ್ಮ ತಂದೆ ಬ್ಯಾಂಕಲ್ಲಿದ್ರು," ಎಂದರು ಕೊನೆಗೆ.

"ಕಿವಿ ಹಾಲೆಯ ಮಾತು?"

"ಅದು ನಿಮ್ಮ ತಂದೆಯವರದ್ದು. ಬರೆದದ್ದೆಲ್ಲ ನಿಮ್ಮದು."

"ಅವರಿಗೊಂದು ಹೆಸರಿದೆ. ವಿಶ್ವನಾಥ. ಶಿರಾ ನರ್ಸರಿಯಲ್ಲಿ ಮಾಲಿ."

"ಮಾಲಿ... ವಿಶ್ವನಾಥ ಅವರ ಮಾತು," ಎಂದರು ರಾಮಚಂದ್ರ, ತಲೆ ಬಗ್ಗಿಸಿ.

ಅವಳಿಗೆ ಅಕ್ಷರ ಅಕ್ಷರವೂ ಕೇಳಿಸಿತ್ತು. "ಕೇಳಿಸಲಿಲ್ಲ ಸಾರ್," ಎಂದಳು.

ಅವರು ತಲೆಯೆತ್ತಿ, ಗಟ್ಟಿಯಾಗಿ, ಇನ್ನೊಮ್ಮೆ ಹೇಳಿದರು. ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ನಿಂತಿದ್ದ ಉದಯ್ ಅವಳ ಭುಜ ಮುಟ್ಟಿ, "ಸಾಕು ಕಣೇ," ಎಂದು ಪಿಸುಗುಟ್ಟಿದ.

ಕಾತ್ಯಾಯಿನಿ ಆ ಚೌಕದಿಂದ ಕಣ್ಣು ಕೀಳಲಿಲ್ಲ.

"ಇನ್ನೊಂದ್ಸಲ ಸಾರ್," ಎಂದಳು.