ಅಜ್ಜಿ ಕಚ್ಚಿದ ಬೇರು

ಆಗಿನ ಕಾಲ ಎಂದ ಕೂಡಲೇ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ನೀರೂರುತ್ತದೆ. ಒಬ್ಬರಿಗೆ ಸಜ್ಜಿ ರೊಟ್ಟಿ, ಒಬ್ಬರಿಗೆ ಗುರೆಳ್ಳು ಚಟ್ನಿ, ಇನ್ನೊಬ್ಬರಿಗೆ ಶೇಂಗಾ ಹೋಳಿಗೆ. "ಆವಾಗ ಎಷ್ಟು ಚಂದಿತ್ತಲ್ರೀ ಮೇಡಂ" ಎಂದು ನನ್ನ ಕಡೆ ತಿರುಗುತ್ತಾರೆ. ನಾನು ಟಿಫಿನ್ ಡಬ್ಬಿಯ ಮುಚ್ಚಳ ಹಾಕುತ್ತೇನೆ. ಯಾರಿಗೆ ಚಂದಿತ್ತೋ ಏನೋ. ನನಗಂತೂ ಆ ಕಾಲ ಎಂದರೆ ಮೊದಲು ನಾಲಿಗೆಯ ತುದಿ ಕಹಿಯಾಗುತ್ತದೆ, ಆಮೇಲೆ ತಲೆ ಬಿಸಿಯಾಗುತ್ತದೆ. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪ, ಅವ್ವ ರಾಯಚೂರಿನ ಹತ್ತಿ ಗಿರಣಿಯಲ್ಲಿ ಕೂಲಿಗೆ ಇದ್ದರು. ನಾನು ದೇವದುರ್ಗದ ಕಡೆಯ ಅರಕೇರಾದಲ್ಲಿ, ಅಜ್ಜಿ ದುರುಗವ್ವನ ಹತ್ತಿರ ಇದ್ದು ನಾಲ್ಕನೇ ಇಯತ್ತೆ ಓದುತ್ತಿದ್ದೆ. ನಮ್ಮದು ಊರ ಹೊರಗಿನ ಕೇರಿ. ಮಳೆ ಬಿದ್ದರೆ ಎರೆಮಣ್ಣು ಮೊಣಕಾಲತನಕ ಹತ್ತುತ್ತಿತ್ತು. ಅಜ್ಜಿಯ ಗುಡಿಸಲಲ್ಲಿ ಹೊಗೆಯ ವಾಸನೆ, ಪುಂಡಿಪಲ್ಯದ ಹುಳಿ ವಾಸನೆ, ಎರಡರ ನಡುವೆ ಆ ಬೇರಿನ ವಾಸನೆ. ಒಣಗಿದ ಹುಲ್ಲಿಗೂ ಹಳೆಯ ಕಬ್ಬಿಣಕ್ಕೂ ನಡುವಿನ ಒಂದು ವಾಸನೆ ಅದು.

ಆ ಬೇರಿಗೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ. ಹೆಸರಿಟ್ಟು ಕರೆದರೆ ಬೇರು ನೆಲದೊಳಗೆ ಇನ್ನೂ ಕೆಳಕ್ಕೆ ಇಳಿದುಬಿಡುತ್ತದೆ ಎಂದು ಅಜ್ಜಿ ನಂಬಿದ್ದಳು. ಹಾಗಾಗಿ ಅದು ಬರೀ 'ಅದು'. "ಹುಲಿಗೀ, ಗೂಡಿನ್ಯಾಗ ಅದು ಅದ, ತಾ ಬೇ" ಅನ್ನುತ್ತಿದ್ದಳು. ಚಳಿಜ್ವರ ಬಂದವರಿಗೆ ಸಾಣೆಕಲ್ಲಿನ ಮೇಲೆ ಅದನ್ನು ತೇಯ್ದು ಕೊಡುತ್ತಿದ್ದಳು. ಮಕ್ಕಳ ಹೊಟ್ಟೆಯ ಜಂತುಹುಳಕ್ಕೂ ಅದೇ. ಮೊಲೆ ಬಿಡದ ಕೂಸುಗಳ ತಾಯಂದಿರು ಬಂದು ಅದರ ಗಂಧ ಹಚ್ಚಿಸಿಕೊಂಡು ಹೋಗುತ್ತಿದ್ದರು. ಕೂಸು ಒಂದು ಸಲ ಬಾಯಿ ಹಾಕಿ, ಮುಖ ಕಿವುಚಿ, ಅವ್ವನನ್ನೇ ದುರುಗುಟ್ಟಿ ನೋಡುತ್ತಿತ್ತು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಅದಕ್ಕೊಂದು ತಂಗಿ ಇತ್ತು. ಅಜ್ಜಿ ಹಾಗೇ ಕರೆಯುತ್ತಿದ್ದಳು, 'ಅದರ ತಂಗಿ'. ಅದೇ ಗುಡ್ಡ, ಅದೇ ಎಲೆ, ಅದೇ ವಾಸನೆ, ಮುರಿದರೆ ಅದೇ ಹಳದಿ. ಆದರೆ ತಂಗಿ ವಿಷ. ಕಣ್ಣಿಗೂ ಮೂಗಿಗೂ ಸಿಗದ ವ್ಯತ್ಯಾಸ ನಾಲಿಗೆಗೆ ಮಾತ್ರ ಸಿಗುತ್ತಿತ್ತು. 'ಅದು' ಹಲ್ಲು ಹಚ್ಚಿದ ಕೂಡಲೇ ಕಹಿ. ತಂಗಿ ಮೊದಲು ಸಪ್ಪೆ, ಆಮೇಲೆ ತುಸು ಸಿಹಿ, ಹತ್ತು ಎಣಿಸುವಷ್ಟರಲ್ಲಿ ತುಟಿ ಜುಮುಜುಮು. ಅದಕ್ಕೇ ಅಜ್ಜಿ ಅಗೆದ ಒಂದೊಂದು ಬೇರಿನ ತುದಿಯನ್ನೂ ಕಚ್ಚಿ, ಉಗುಳಿ, ಕಚ್ಚಿದ ತುದಿಯನ್ನು ಕುಡುಗೋಲಿನಿಂದ ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು. ಬೇರು ಅಗೆಯುವ ದಿನ ಎಲೆಅಡಿಕೆ ಇಲ್ಲ, ಖಾರ ಇಲ್ಲ, ನನಗೆ ಬೆಲ್ಲದ ಚೂರೂ ಇಲ್ಲ. "ನಾಲಿಗಿ ಖಾಲಿ ಇರಬೇಕು ಬೇ, ಇಲ್ಲಂದ್ರ ಸುಳ್ಳು ಹೇಳ್ತದ" ಅನ್ನುತ್ತಿದ್ದಳು.

ಅಜ್ಜಿಯ ಬೇರು ಎಲ್ಲೆಲ್ಲಿಗೋ ಹೋಗುತ್ತಿತ್ತು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಓಣಿಯಲ್ಲಿ ಒಬ್ಬ ಮುದುಕ ಹಕೀಮರಿದ್ದರು. ಅವರು ಅದನ್ನು 'ಕಡ್ವಿ ಜಡ್' ಅನ್ನುತ್ತಿದ್ದರು. ಜಿಗರಿನ, ಅಂದರೆ ಯಕೃತ್ತಿನ ಬೇನೆಗೆ, ಕಾಮಾಲೆಗೆ ಕೊಡುತ್ತಿದ್ದರು. ಮಾನ್ವಿ ಸಂತೆಗೆ ಬರುತ್ತಿದ್ದ ತೆಲುಗಿನ ಮುದುಕಿ 'ಚೇದು ವೇರು' ಎಂದು ಒಯ್ದು ಹೊಟ್ಟೆ ಉಬ್ಬಿದ ಎತ್ತುಗಳಿಗೆ ಅರೆದು ಕುಡಿಸುತ್ತಿದ್ದಳು. ದೇವದುರ್ಗದ ಪಂಡಿತರು 'ತಿಕ್ತಮೂಲ' ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಅವರ ಪಿತ್ತದ ಕಷಾಯ, ಜ್ವರದ ಕಷಾಯ ಎರಡಕ್ಕೂ ಅದೇ ಬೇಕು. ತಿಕ್ತಮೂಲ! ಆ ಹೆಸರು ಕೇಳಿ ನನಗೆ ಎಂಥ ಭಯಭಕ್ತಿ. ಅದೇನೋ ದೊಡ್ಡ ಮಂತ್ರ ಅಂದುಕೊಂಡಿದ್ದೆ.

ಹಕೀಮರು ಅಜ್ಜಿಯನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂಡಿಸಿ ಬೇರನ್ನು ಕೈಯಿಂದ ಕೈಗೇ ತೆಗೆದುಕೊಳ್ಳುತ್ತಿದ್ದರು. "ದುರುಗವ್ವಾ, ನೀ ಕಚ್ಚಿದ್ದೇ ಬೇಕು ನನಗ. ಕಚ್ಚಿಲ್ಲಂದ್ರ ನಾ ತಗೊಳ್ಳಂಗಿಲ್ಲ" ಎಂದು ತಾವೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಪಂಡಿತರ ಮನೆಯಲ್ಲಿ ಬೇರನ್ನು ಕಟ್ಟೆಯ ಕೆಳಗೆ ಕಲ್ಲಿನ ಮೇಲೆ ಇಟ್ಟು ದೂರ ನಿಲ್ಲಬೇಕು. ಅವರು ಚೊಂಬಿನಿಂದ ನೀರು ಚಿಮುಕಿಸಬೇಕು. ಆಮೇಲೆ ನಮ್ಮ ಬೇರು ಅವರ ತಿಕ್ತಮೂಲ ಆಗುತ್ತಿತ್ತು. ಬದಲಿಗೆ ಒಂದು ಸೇರು ಜೋಳ, ಮೇಲಿಂದ ನಮ್ಮ ಉಡಿಗೆ.

ಆದರೂ ಅಜ್ಜಿ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಅದಕ್ಕೆ ಕಾರಣ ನಾನು. ಮುಂದಿನ ವರ್ಷ ನನ್ನನ್ನು ರಾಯಚೂರಿನ ಹಾಸ್ಟೆಲಿಗೆ ಸೇರಿಸಬೇಕು ಎಂದು ಅಜ್ಜಿ ಹಟ ಹಿಡಿದಿದ್ದಳು. "ನಾ ಒಂದು ಚೀಟಿ ಬರದು ಕೊಟ್ರ ಸೀಟು ಸಿಕ್ಕಂಗ. ಇಲ್ಲಂದ್ರ ಇಲ್ಲ" ಎಂದು ಪಂಡಿತರು ಹೇಳಿದ್ದರು. ಆ ಒಂದು ಚೀಟಿಗಾಗಿ ಅಜ್ಜಿ ಅವರ ಕಟ್ಟೆಯ ಕೆಳಗೆ ನಿಂತಷ್ಟು ಹೊತ್ತು ನಮ್ಮ ದೇವರ ಮುಂದೂ ನಿಂತಿರಲಿಕ್ಕಿಲ್ಲ.

ಮಘಾ ಮಳೆ ಬಿದ್ದು ಗುಡ್ಡ ಹಸಿರಾದಾಗ ಅಜ್ಜಿ ಮೊದಲ ಸಲ ನನ್ನ ಕೈಗೆ ಗುದ್ದಲಿ ಕೊಟ್ಟಳು. ಅದಕ್ಕೆ ಎರಡು ದಿನ ಮೊದಲು ಕುಂಟಾಟ ಆಡುವಾಗ ಬಿದ್ದು ನನ್ನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಆ ಮುರುಕು ಹಲ್ಲಿನಿಂದಲೇ ಕಚ್ಚಿ ಕಚ್ಚಿ ಐದು ಬೇರು ಆರಿಸಿದೆ. ಅಜ್ಜಿ ಐದನ್ನೂ ಮತ್ತೆ ಕಚ್ಚಿ ನೋಡಿ, "ಭಲೇ ನನ ಮಗಳ! ಒಂದೂ ತಂಗಿ ಇಲ್ಲ" ಅಂದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಖುಷಿಯಲ್ಲಿ ತುದಿ ಕತ್ತರಿಸುವುದು ನನ್ನ ಪಾಲಿನ ಕೆಲಸ ಎಂಬುದನ್ನೇ ಮರೆತೆ.

ದೇವದುರ್ಗದಲ್ಲಿ ಪಂಡಿತರು ನೀರು ಚಿಮುಕಿಸಿ ಬೇರನ್ನು ಎತ್ತಿಕೊಂಡವರು ಬೆಂಕಿ ಮುಟ್ಟಿದವರಂತೆ ಬಿಸಾಕಿದರು.

"ಏನಬೇ ಇದು? ಹಲ್ಲಿನ ಗುರುತು!"

ಅಜ್ಜಿ ನನ್ನ ಕಡೆ ನೋಡಿದಳು. ನಾನು ಬಾಯಿ ಮುಚ್ಚಿಕೊಂಡೆ. ಬೇರಿನ ಮೇಲೆ ಅರ್ಧ ಹಲ್ಲಿನ ಸಂದಿ ಎದ್ದು ಕಾಣುತ್ತಿತ್ತು.

"ರುಚಿ ನೋಡಬೇಕಾಗ್ತದ್ರೀ ಯಪ್ಪಾ. ಇಲ್ಲಂದ್ರ ಗೊತ್ತಾಗಂಗಿಲ್ಲ" ಅಂದಳು ಅಜ್ಜಿ.

"ಇಷ್ಟು ವರ್ಷ ನಿನ್ನ ಎಂಜಲ ಕುದಿಸಿ ನಾ ಮಂದಿಗೆ ಕುಡಿಸಾಕತ್ತಿದ್ನೇನು? ಈ ಹುಡುಗಿ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು. ನೀ ಆಗಲಿ, ಆಕಿ ಆಗಲಿ, ಇನ್ಮ್ಯಾಲ ಬೇರಿಗೆ ಬಾಯಿ ಹಚ್ಚಂಗಿಲ್ಲ ಅಂತ. ಇಲ್ಲಂದ್ರ ಚೀಟಿ ಗೀಟಿ ಮರತುಬಿಡು."

ಅಜ್ಜಿಯ ಕೈ ನನ್ನ ತಲೆಯ ಮೇಲೆ ಬಂತು. ಆ ಕೈಯ ಭಾರ ನನಗೆ ಈಗಲೂ ಗೊತ್ತಾಗುತ್ತದೆ.

ಹದಿನೈದು ದಿನದ ಮೇಲೆ, ಹುಬ್ಬಿ ಮಳೆಯಲ್ಲಿ ಮತ್ತೆ ಗುಡ್ಡಕ್ಕೆ ಹೋದೆವು. ಅಜ್ಜಿ ಒಂದೊಂದು ಬೇರನ್ನೂ ತಿರುಗಿಸಿ ತಿರುಗಿಸಿ ನೋಡಿದಳು, ಮೂಸಿದಳು, ಅರ್ಧಕ್ಕರ್ಧ ಬಿಸಾಕಿದಳು. "ಯವ್ವಾ, ಕಚ್ಚಿ ನೋಡು. ಇಲ್ಲಿ ಯಾರು ನೋಡ್ತಾರ?" ಅಂದೆ. "ನಿನ್ನ ತಲಿ ಮ್ಯಾಲ ಕೈ ಇಟ್ಟೀನಿ ಬೇ. ಸುಮ್ಕಿರು" ಎಂದು ರೇಗಿದಳು. ಆದರೆ ದೇವದುರ್ಗದಲ್ಲಿ ಬೇರು ಇಟ್ಟು ದೂರ ನಿಂತು ಹೇಳಿಯೇ ಹೇಳಿದಳು: "ಕಣ್ಣಿಲೆ ನೋಡೀನ್ರಿ, ಮೂಗಿಲೆ ನೋಡೀನ್ರಿ. ನಾಲಿಗಿಲೆ ನೋಡಿಲ್ಲ. ಕುದಸೋಕಿಂತ ಮೊದಲ ನೀವರ ಒಂದು ಚೂರು ಬಾಯಿಗಿ ಹಾಕ್ಕೊಂಡು ನೋಡ್ರಿ."

"ನನಗ ಕಲಿಸಾಕ ಬಂದಿಯೇನು?" ಅಂದರು ಪಂಡಿತರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಈ ಎರಡು ಕಿವಿಯಿಂದ ಕೇಳಿದ್ದೇನೆ.

ಉತ್ತರಿ ಮಳೆಗೆ ಊರೆಲ್ಲ ಜ್ವರ. ನಮ್ಮೂರ ಕುರಿಗಾರ ಮಾಳಪ್ಪನ ಹೆಂಡತಿ ಮಲ್ಲವ್ವನಿಗೆ ಚಳಿ ಹತ್ತಿತು. ಪ್ರತಿ ವರ್ಷ ಅಜ್ಜಿಯ ಹತ್ತಿರವೇ ಬರುತ್ತಿದ್ದವಳು ಆ ಸಲ ಗಂಡ ಹೇಳಿದನೆಂದು ದೇವದುರ್ಗದ ಪಂಡಿತರ ಕಷಾಯ ಕುಡಿದಳು. ಮರುದಿನ ಮುಂಜಾನೆ ಮಾಳಪ್ಪ ಬಡಿಗೆ ಹಿಡಿದು ನಮ್ಮ ಗುಡಿಸಲ ಮುಂದೆ ನಿಂತಿದ್ದ. "ಹೊರಗ ಬಾ ಮುದುಕಿ! ನಿನ್ನ ಬೇರು ನನ್ನ ಹೆಂಡ್ತಿನ್ನ ಕೊಲ್ಲಾಕತ್ತದ!"

ಅಜ್ಜಿ ಒಂದೇ ಮಾತು ಕೇಳಿದಳು: "ತುಟಿ ಜುಮುಜುಮು ಅಂದಳೇನು?" ಅವನು ಹೌದು ಅಂದ. ಅಜ್ಜಿ ಬಡಿಗೆಯನ್ನು ನೋಡಲೇ ಇಲ್ಲ. ಸೆರಗು ಬಿಗಿದು ಓಡಿದಳು. ಮಲ್ಲವ್ವನ ಮನೆಯ ಅಂಗಳದಲ್ಲಿ ನಿಂತು, ಒಳಗೆ ಹೋಗಲಾರದೆ, ಉಪ್ಪುನೀರು ಕುಡಿಸ್ರಿ, ವಾಂತಿ ಮಾಡಿಸ್ರಿ, ಮಲಗಗೊಡಬ್ಯಾಡ್ರಿ ಎಂದು ಸಂಜೆಯವರೆಗೆ ಹೊರಗಿನಿಂದಲೇ ಕೂಗಿ ಕೂಗಿ ಹೇಳಿದಳು. ಮಲ್ಲವ್ವ ಉಳಿದಳು. ಅವಳ ಮಾತು ಮಾತ್ರ ಕಡೆಯವರೆಗೂ ತೊದಲುತ್ತಲೇ ಇತ್ತು.

ಮೂರನೆಯ ದಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ಪಂಡಿತರು ಬಂದಿದ್ದರು. ಅಜ್ಜಿ ಕೆಳಗೆ ಮಣ್ಣಲ್ಲಿ ಕೂತಿದ್ದಳು, ಅವಳಿಗೆ ಅಂಟಿಕೊಂಡು ನಾನು.

"ನಾ ಶಾಸ್ತ್ರ ಓದಿದಂವ. ನನ್ನ ಕಷಾಯದಾಗ ತಪ್ಪಿಲ್ಲ. ಬೇರು ತಂದಾಕಿ ಈಕಿ" ಅಂದರು ಪಂಡಿತರು.

"ರುಚಿ ನೋಡಬ್ಯಾಡ ಅಂತ ಆಣಿ ಮಾಡಿಸಿದವ್ರು ನೀವ ಅಲ್ರೀ ಯಪ್ಪಾ?"

"ನಾನೇ? ನಾ ಯಾವಾಗ ಅಂದೆ?" ಎಂದು ಹಿರಿಯರ ಕಡೆ ತಿರುಗಿದರು. "ಆಕಿ ಮೊಮ್ಮಗಳ ಹಾಸ್ಟೆಲಿಗಿ ಚೀಟಿ ಬರದು ಕೊಡ್ತೀನಿ ಅಂದಿದ್ದೆ. ಈಗ ನನ್ನ ಮ್ಯಾಲೇ ಹೊರಸಾಕತ್ತಾಳ ನೋಡ್ರಿ."

ನನಗೆ ಮೈಯೆಲ್ಲ ಉರಿ ಹತ್ತಿತು. ಎದ್ದು ನಿಂತು "ಸುಳ್ಳು! ಇವ್ರು ಸುಳ್ಳು..." ಎನ್ನುವಷ್ಟರಲ್ಲಿ ಅಜ್ಜಿಯ ಅಂಗೈ ನನ್ನ ಬಾಯಿ ಮುಚ್ಚಿತು. ಬೇರು ತೇಯ್ದು ತೇಯ್ದು ಆ ಅಂಗೈ ಕಹಿಯಾಗಿತ್ತು. ಆ ಕಹಿ ನನ್ನ ತುಟಿಯೊಳಗೆ ಇಳಿಯುತ್ತಿರುವಾಗ ಅಜ್ಜಿ ಹೇಳಿದಳು: "ನಂದ ತಪ್ಪಾತ್ರಿ. ಕಣ್ಣು ಮಂಜಾಗ್ಯಾವ. ಪಂಡಿತರದು ಏನೂ ತಪ್ಪಿಲ್ಲ."

ಇನ್ನು ಮೇಲೆ ದುರುಗವ್ವನ ಕೈಯ ಬೇರು ಯಾರೂ ತೆಗೆದುಕೊಳ್ಳಬಾರದು ಎಂದು ಹಿರಿಯರು ಹೇಳಿದರು. ಅಜ್ಜಿ ತಲೆ ಆಡಿಸಿದಳು. ಮನೆಗೆ ಬಂದು ಸಾಣೆಕಲ್ಲನ್ನು ತೊಳೆದು ಕವುಚಿ ಹಾಕಿದಳು. ಮತ್ತೆ ಅದನ್ನು ಎತ್ತಲಿಲ್ಲ. ಹಕೀಮರು ಎರಡು ಸಲ ಹೇಳಿ ಕಳಿಸಿದರೂ ಹೋಗಲಿಲ್ಲ.

ಚೀಟಿ ಸಿಕ್ಕಿತು. ಜೂನಿನಲ್ಲಿ ಟ್ರಂಕು ಹೊತ್ತು ರಾಯಚೂರಿನ ಹಾಸ್ಟೆಲಿಗೆ ಹೋದೆ. ವಾರ್ಡನ್ ಆ ಚೀಟಿಯನ್ನು ತೆರೆದೂ ನೋಡದೆ ಬದಿಗಿಟ್ಟು, "ಇದು ಯಾಕವ್ವಾ? ನಿಮ್ಮಂಥ ಹುಡಿಗ್ಯಾರಿಗಿ ಸರ್ಕಾರ ಇಟ್ಟಿರೋ ಸೀಟು ಇದು. ಯಾರ ಚೀಟಿನೂ ಬೇಕಾಗಿಲ್ಲ" ಅಂದರು. ಬೇಕಾಗಿಲ್ಲ! ನನ್ನದೇ ಹಕ್ಕಿನ ಸೀಟು, ಅದಕ್ಕೆ ಅಜ್ಜಿ ತನ್ನ ನಾಲಿಗೆ ಕೊಟ್ಟಿದ್ದಳು, ತನ್ನ ಹೆಸರು ಕೊಟ್ಟಿದ್ದಳು. ಈ ಮಾತನ್ನು ನಾನು ಅಜ್ಜಿಗೆ ಯಾವತ್ತೂ ಹೇಳಲಿಲ್ಲ. ಎಂಟನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ, ಗುಡ್ಡದಲ್ಲಿ 'ಅದನ್ನು' ಮತ್ತೆ ತೋರಿಸು, ಬರೆದಿಟ್ಟುಕೊಳ್ಳುತ್ತೇನೆ ಎಂದು ಕೇಳಿದ್ದೆ. "ನಿನಗ ಅಕ್ಷರ ಅದಾವಲ್ಲ ಬೇ, ಆ ಕಹಿ ಯಾಕ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆ ಬೇಸಗೆಯಲ್ಲೇ ತೀರಿಕೊಂಡಳು.

ಹಿಂದಿ, ತೆಲುಗು, ತುಸು ಸಂಸ್ಕೃತ ಓದಿಕೊಂಡ ಮೇಲೆ ಒಂದು ದಿನ ನನಗೆ ಹೊಳೆಯಿತು. ಕಡ್ವಿ ಜಡ್ ಅಂದರೆ ಕಹಿ ಬೇರು. ಚೇದು ವೇರು ಅಂದರೂ ಕಹಿ ಬೇರು. ತಿಕ್ತಮೂಲ, ಆ ದೊಡ್ಡ ಮಂತ್ರ, ಅದೂ ಕಹಿ ಬೇರೇ! ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಅಜ್ಜಿಯ ನಾಲಿಗೆ ಹೇಳಿದ ರುಚಿ ಒಂದೇ. ಅದನ್ನೇ ಎಂಜಲು ಅಂದರು.

ಆ ಗುಡ್ಡ ಈಗಿಲ್ಲ. ಇಳಿಜಾರನ್ನು ಕಡಿದು ಸಮ ಮಾಡಿ ಭತ್ತ ಹಾಕಿದ್ದಾರೆ. ಎಲೆಯ ಆಕಾರ ನೆನಪಿದೆ, ಹುಡುಕಲು ಜಾಗವಿಲ್ಲ. ಹೋದ ತಿಂಗಳು ರಾಯಚೂರಿನಲ್ಲಿ ನಾರುಬೇರು ಮಾರುವ ಒಂದು ಗ್ರಂಥಿಗೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಹಳದಿ ಬೇರಿನ ತುಂಡುಗಳನ್ನು ಕಂಡೆ. ಚೀಲ ಹರಿದು ಒಂದು ತುಂಡನ್ನು ಮೂಸಿದೆ. ಒಣಹುಲ್ಲು, ಹಳೆಯ ಕಬ್ಬಿಣ. ಅದೇ ಮುರುಕು ಹಲ್ಲಿಗೆ ಹಚ್ಚಿದೆ.

"ಮೇಡಂ, ಎಂಜಲ ಮಾಡಬ್ಯಾಡ್ರಿ!" ಎಂದು ಅಂಗಡಿಯವ ಕೂಗಿದ.

ಕಚ್ಚಿದೆ. ಸಪ್ಪೆ. ಆಮೇಲೆ ತುಸು ಸಿಹಿ. ನಿಂತಲ್ಲೇ ಹತ್ತು ಎಣಿಸಿದೆ. ತುಟಿ ಜುಮುಗುಟ್ಟಿತು.

ಉಗುಳಿ, ಬಾಯಿ ಮುಕ್ಕಳಿಸಿ, "ಇದು ಅದಲ್ಲಪ್ಪಾ, ಅದರ ತಂಗಿ. ವಿಷ. ಯಾರಿಗೂ ಮಾರಬ್ಯಾಡ" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹರಿದ ಚೀಲವನ್ನು ತಿರುಗಿಸಿ ನನ್ನ ಮುಖದ ಮುಂದೆ ಹಿಡಿದ.

"ಇಲ್ಲಿ ನೋಡ್ರಿ, ಮ್ಯಾಲ ಹೆಸರು ಬರದದ. ನೀವು ಡಾಕ್ಟರೇನ್ರಿ? ನಿಮಗ ಯಾರು ಹೇಳಿದ್ರು?"

ನಮ್ಮಜ್ಜಿ ದುರುಗವ್ವ ಹೇಳಿದಳು ಎಂದು ಅಂಗಡಿಯ ತುಂಬ ಕೇಳುವ ಹಾಗೆ ಕೂಗಿದೆ. ಈ ಸಲ ನನ್ನ ಬಾಯಿ ಮುಚ್ಚಲು ಯಾವ ಕೈಯೂ ಬರಲಿಲ್ಲ. ಅವನು ಚೀಲದ ಬಾಯಿಗೆ ಪಿನ್ನು ಹೊಡೆದು, ಮತ್ತೆ ಅದೇ ಸಾಲಿನಲ್ಲಿ ಇಟ್ಟ.