ಏಳನೇ ನಂಬರಿನ ಸ್ಪ್ಯಾನರ್

ಬೂದಿಕೋಟೆಯ ಬಚ್ಚಪ್ಪನಿಗೆ ಅನುಮಾನದಿಂದಲೇ ಅನ್ನ ಹುಟ್ಟುತ್ತಿತ್ತು. ಯುದ್ಧವಿಮಾನಗಳ ಸ್ಕ್ವಾಡ್ರನ್ನಿನಲ್ಲಿ ಫಿಟ್ಟರ್ ಅವನು. ಬಿಗಿದ ನಟ್ಟನ್ನು ಮತ್ತೊಮ್ಮೆ ತಿರುಗಿಸಿ ನೋಡದೆ ವಿಮಾನ ಬಿಟ್ಟವನಲ್ಲ. ರಜೆಗೆ ಬಂದರೆ ಹೆಂಡತಿ ಹಾಕಿದ ಚಿಲಕವನ್ನೂ ಎರಡು ಸಲ ಎಳೆದು ನೋಡುತ್ತಿದ್ದ. ನಂಬುವುದೊಂದು ಬಿಟ್ಟು ಬೇರೆಲ್ಲ ಕಲಿತಿದ್ದ ಮಹಾರಾಯ.

೧೯೫೬ರಲ್ಲಿ ಅವರ ಬಳಿ ಇದ್ದದ್ದು ವ್ಯಾಂಪೈರ್ ವಿಮಾನಗಳು. ಮುಂಭಾಗ ಮರದ್ದು, ಬಾಲ ಎರಡು. ಒಂದು ದಿನ ಕೆಲಸ ಮುಗಿಸಿ ನೋಡಿದರೆ ಪೆಟ್ಟಿಗೆಯಲ್ಲಿ ಏಳನೇ ನಂಬರಿನ ಸ್ಪ್ಯಾನರ್ ಇಲ್ಲ. ಅದು ಸಿಗುವವರೆಗೆ ವಿಮಾನ ಹಾರುವಂತಿಲ್ಲ. ಒಳಗೆಲ್ಲಾದರೂ ಬಿದ್ದು ಚುಕ್ಕಾಣಿಯ ಸರಳಿಗೆ ಸಿಕ್ಕಿಕೊಂಡರೆ ಪೈಲಟ್ಟನ ಕಥೆ ಮುಗಿದಂತೆ.

ಪೂರ್ತಿ ಬಿಚ್ಚಿ ನೋಡಲು ಎರಡು ದಿನ ಬೇಕು. ಬಚ್ಚಪ್ಪ ಅರ್ಧ ಬಿಚ್ಚುವಷ್ಟರಲ್ಲೇ ಅವನ ಕಣ್ಣು ಜೊತೆಗಾರ ಪೆರುಮಾಳ್ ಕಡೆ ತಿರುಗಿತು. ಕೋರಮಂಡಲಿನ ಚಿನ್ನದ ಗಣಿಯ ಕೂಲಿ ಲೈನಿನವನು, ಮಾರನೆಯ ದಿನ ರಜೆಗೆ ಹೊರಟಿದ್ದಾನೆ. ಅವನ ತಮ್ಮನದು ಸೈಕಲ್ ರಿಪೇರಿ ಅಂಗಡಿ. ಸಾಲದ್ದಕ್ಕೆ, ಲೈನಿನವರು ನಾಲಿಗೆ ಕೆಳಗೆ ಚಿನ್ನ ಇಟ್ಟುಕೊಂಡು ಬರುತ್ತಾರೆಂಬ ಮಾತನ್ನು ಕೇಳುತ್ತಲೇ ಬಚ್ಚಪ್ಪ ಬೆಳೆದಿದ್ದ.

"ನಿನ್ ಟ್ರಂಕ್ ತೆಗಿಯಲಾ," ಅಂದ.

ಪೆರುಮಾಳ್ ಮುಖ ಕಪ್ಪಿಟ್ಟಿತು. "ನಾನ್ ತಕ್ಕಂಡಿಲ್ಲಣ್ಣಾ. ನಮ್ಮಪ್ಪನ್ನ ದಿನಾ ಗಣಿ ಗೇಟಲ್ಲಿ ಕೈ ಎತ್ತಿಸಿ ತಡಕ್ತಾರೆ. ಆ ಬಾಳು ಬ್ಯಾಡ ಅಂತಾನೇ ಇಲ್ಲಿಗೆ ಬಂದೆ."

ಬಚ್ಚಪ್ಪ ಎಲ್ಲರೆದುರಿಗೆ ಅವನ ಕೈ ಎತ್ತಿಸಿ ತಡಕಿದ. ಟ್ರಂಕಿನಲ್ಲಿ ತಾಯಿಗೆ ಕೊಂಡ ಸೀರೆ ಬಿಟ್ಟರೆ ಏನೂ ಇರಲಿಲ್ಲ. ಆಗಲೇ ಎಲ್ಲೋ ಸಾಗಿಸಿದ್ದಾನೆ, ಕಳ್ಳ ಇವನೇ ಎಂದು ಬಚ್ಚಪ್ಪ ಅಧಿಕಾರಿಗೆ ಬರೆದುಕೊಟ್ಟ. ಉಳಿದರ್ಧ ಬಿಚ್ಚದೆಯೇ ವಿಮಾನ ಹಾರಿತು. ಪೆರುಮಾಳ್ ಕೆಲಸ ಕಳೆದುಕೊಂಡು, ಕಳ್ಳನೆಂಬ ಹೆಸರು ಹೊತ್ತು ಊರಿಗೆ ಹೋದ.

ನಾಲ್ಕು ವರ್ಷಕ್ಕೆ ಸ್ಕ್ವಾಡ್ರನ್ನಿಗೆ ಪುಟಾಣಿ ನ್ಯಾಟ್ ವಿಮಾನಗಳು ಬಂದವು. ಹಳೆಯವನ್ನು ಬಿಚ್ಚುವಾಗ ಬಚ್ಚಪ್ಪ ಅದೇ ವ್ಯಾಂಪೈರಿನ ಸೀಟಿನಡಿಯ ಹಲಗೆ ತೆಗೆದ. ಏಳನೇ ನಂಬರಿನ ಸ್ಪ್ಯಾನರ್ ಅಲ್ಲೇ ಧೂಳು ಹಿಡಿದು ಬಿದ್ದಿತ್ತು, ಚುಕ್ಕಾಣಿಯ ಸರಳಿಗೆ ಎರಡೇ ಬೆರಳು ದೂರದಲ್ಲಿ. ನಾಲ್ಕು ವರ್ಷ ಎಷ್ಟು ಜನ ಅದರ ಮೇಲೆ ಕೂತು ಹಾರಿದ್ದರೋ! ಬಚ್ಚಪ್ಪ ಸಂದೇಹಪಡಬೇಕಾದ ವಿಮಾನವನ್ನು ನಂಬಿ, ನಂಬಬೇಕಾದ ಮನುಷ್ಯನನ್ನು ತಡಕಿದ್ದ. ನಾಚಿಕೆಯಿಂದ ಎರಡು ದಿನ ಅನ್ನ ಸೇರಲಿಲ್ಲ. ತಪ್ಪು ತನ್ನದೆಂದು ಅಧಿಕಾರಿಗೆ ಬರೆದುಕೊಟ್ಟು, ಅದರ ನಕಲು ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದ.

ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಕೋರಮಂಡಲಿನಲ್ಲಿ ಇಳಿದ. ಗಣಿ ಗೇಟಿಗೆ ಬಂದಾಗ ಪಾಳಿ ಬಿಟ್ಟಿತ್ತು. ಪೆರುಮಾಳನಿಗೂ ಈಗ ಅಪ್ಪನ ಕೆಲಸವೇ. ಗೇಟಿನಲ್ಲಿ ತಡಕಿಸಿಕೊಂಡು, ಅಂಗಿ ಸರಿಮಾಡಿಕೊಳ್ಳುತ್ತಾ ಈಚೆ ಬಂದ.

"ಪೆರುಮಾಳೂ," ಎಂದು ಬಚ್ಚಪ್ಪ ಜೇಬಿಗೆ ಕೈ ಹಾಕಿದ.

ಪೆರುಮಾಳ್ ಅವನನ್ನು ನೋಡಿದವನೇ ನಿಂತುಬಿಟ್ಟ. ಆಮೇಲೆ ಎರಡೂ ಕೈ ಮೇಲೆತ್ತಿದ.

"ನೋಡ್ಕಳಣ್ಣಾ," ಅಂದ.