ಹೆಗಲ ಮೇಲಿನ ನಾಲ್ಕು ಬೆರಳು

ಗೋಡೆಗೆ ತೂಗುಹಾಕಿದ ಪಟ ಯಾವತ್ತೂ ನೆಟ್ಟಗಿರುವುದಿಲ್ಲ ಎಂಬುದು ನಿವೃತ್ತನಾದ ಮೇಲೆ ನಾನು ಕಂಡುಕೊಂಡ ಏಕೈಕ ಪರಮಸತ್ಯ. ಹೆದ್ದಾರಿಯ ಲಾರಿಗಳ ನಡುಕವೋ, ಹಲ್ಲಿಗಳ ಕಿಡಿಗೇಡಿತನವೋ, ಅಂತೂ ಶ್ರೀರಂಗಪಟ್ಟಣದ ನಮ್ಮ ಹಳೆಯ ಮನೆಯಲ್ಲಿ ನಿನ್ನೆ ಸರಿಮಾಡಿದ್ದು ಇಂದು ಎಡಕ್ಕೆ ವಾಲಿರುತ್ತದೆ. ಅರ್ಚಕರಾಗಿದ್ದ ನಮ್ಮ ಅಜ್ಜ ಬೆಳಿಗ್ಗೆ ಎದ್ದು ಸಂಧ್ಯಾವಂದನೆ ಮಾಡುತ್ತಿದ್ದರು. ಮೇಷ್ಟ್ರಾಗಿದ್ದ ನಾನು ಪಟ ನೆಟ್ಟಗೆ ಮಾಡುತ್ತೇನೆ. ವಂಶ ಇಳಿದ ಬಗೆ ಹೀಗೆ.

ಆ ಪಟಗಳಲ್ಲೊಂದು ನನ್ನ ಬೀಳ್ಕೊಡುಗೆಯ ದಿನ ತೆಗೆಸಿದ್ದು. ಪಕ್ಕದಲ್ಲಿ ಶೀಳನೆರೆಯ ಪುಟ್ಟಸ್ವಾಮಿ. ಪಾಂಡವಪುರದ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು, ಈಗ ಕಬ್ಬು, ನಾಲ್ಕು ಹಸು, ಡೈರಿಗೆ ಹಾಲು. ಅವನ ಹೆಗಲ ಮೇಲೆ ಹವಳದ ಉಂಗುರ ತೊಟ್ಟ ನನ್ನ ಕೈ.

ಮರಳು ಲಾರಿಯ ಹುಡುಗನೊಬ್ಬ ಹೆಣಗಳನ್ನೇ ಮೆಟ್ಟಿಲು ಮಾಡಿಕೊಂಡು ಶಾಸಕನಾಗುವ ಸಿನಿಮಾವೊಂದು ನಮ್ಮ ಸೀಮೆಯಲ್ಲೇ ಚಿತ್ರೀಕರಣಗೊಂಡು ಭರ್ಜರಿಯಾಗಿ ಓಡಿತಲ್ಲ, ಅದರಲ್ಲಿ ಪುಟ್ಟಸ್ವಾಮಿಗೊಂದು ಪಾತ್ರ ಸಿಕ್ಕಿತ್ತು. ನಾಲೆ ನೀರಿಗಾಗಿ ನಿಜಕ್ಕೂ ಧರಣಿ ಕೂತವನಿಗೆ ಅಲ್ಲಿಯೂ ರೈತ ಮುಖಂಡನ ವೇಷ. ನಾಯಕನನ್ನು ಎದುರುಹಾಕಿಕೊಂಡು ಎರಡೇ ನಿಮಿಷದಲ್ಲಿ ಕೊಲೆಯಾಗುತ್ತಾನೆ. ಕೊಂದವನಿಗೆ ಪುಟ್ಟಸ್ವಾಮಿಯ ಊರಿನವರೇ ಶಿಳ್ಳೆ ಹೊಡೆದರು. ಕಟೌಟಿಗೆ ಹಾಲು ಸುರಿದರು. ಆ ಹಾಲಿನಲ್ಲಿ ತನ್ನ ಹಸುಗಳದ್ದೂ ಇತ್ತೆಂದು ಪುಟ್ಟಸ್ವಾಮಿ ನಗುತ್ತಿದ್ದ.

ಎರಡನೇ ಭಾಗ ಶುರುವಾದಾಗ ಸಿನಿಮಾದ ಮ್ಯಾನೇಜರೊಬ್ಬ ನಾನು ಗೆಳೆಯನೆಂದು ತಿಳಿದು ನಮ್ಮ ಮನೆಗೇ ಬಂದು ಪುಟ್ಟಸ್ವಾಮಿಯದೊಂದು ಒಳ್ಳೆಯ ಫೋಟೋ ಬೇಕೆಂದ. ಏಕೆಂದು ನಾನು ಕೇಳಲಿಲ್ಲ. ಸಿನಿಮಾದವರು ನಮ್ಮ ಜಗುಲಿ ಹತ್ತಿದ ಸಂಭ್ರಮದಲ್ಲಿ, ಪೋಸ್ಟರಿಗಿರಬೇಕು, ಪಕ್ಕದಲ್ಲಿ ನಾನೂ ಬರಬಹುದು ಎಂಬ ಅರವತ್ತು ದಾಟಿದವನಿಗೆ ತಕ್ಕುದಲ್ಲದ ಆಸೆಯಿಂದ ಮೊಳೆಯಿಂದ ಪಟವನ್ನಿಳಿಸಿ ಕೊಟ್ಟೆ. ಪ್ರತಿ ತೆಗೆದುಕೊಂಡು ವಾರದಲ್ಲಿ ವಾಪಸು ಕೊಟ್ಟರು. ಪುಟ್ಟಸ್ವಾಮಿಗೆ ಹೇಳಲೇ ಇಲ್ಲ, ಬೆರಗಾಗಲಿ ಎಂದು.

ಬಿಡುಗಡೆಯ ದಿನ ನಾನು, ಅವನು, ಅವನ ಹೆಂಡತಿ ಜಯಮ್ಮ ಒಂದೇ ಸಾಲಿನಲ್ಲಿ ಕೂತೆವು. ಮಧ್ಯಂತರದ ನಂತರ ತೆರೆಯ ತುಂಬ ಪುಟ್ಟಸ್ವಾಮಿ: ಚೌಕಟ್ಟಿನೊಳಗೆ, ಹಣೆಗೆ ಕುಂಕುಮ, ಕೊರಳಿಗೆ ಗಂಧದ ಹಾರ, ಮುಂದೆ ದೀಪ. ಬದುಕಿರುವವನ ಪಟಕ್ಕೆ ಹಾರ ಬಿದ್ದರೆ ನಮ್ಮ ಕಡೆ ಮಕ್ಕಳೂ ಬೆಚ್ಚುತ್ತವೆ. ಕೊಂದ ನಾಯಕನೇ ಆ ಪಟದೆದುರು ಗಳಗಳನೆ ಅತ್ತು, ಆ ಅಳುವಿನ ಬಲದಿಂದಲೇ ಮಂತ್ರಿಯಾದ. ಥಿಯೇಟರು ಶಿಳ್ಳೆಯಿಂದ ಅದುರಿತು. ಎಂಥ ನೀಚ, ಎಂಥ ಮೊಸಳೆ ಕಣ್ಣೀರು ಎಂದು ನಾನು ಹಲ್ಲು ಕಡಿಯುವಷ್ಟರಲ್ಲಿ ಕಂಡಿತು: ಅದು ನಾನೇ ಕೊಟ್ಟ ಪಟ. ನನ್ನನ್ನು ಕತ್ತರಿಸಿ ಹಾಕಿದ್ದರು, ಪುಟ್ಟಸ್ವಾಮಿಯ ಹೆಗಲ ಮೇಲೆ ನನ್ನ ನಾಲ್ಕು ಬೆರಳು ಮಾತ್ರ ಉಳಿದಿದ್ದವು, ಹವಳದ ಉಂಗುರ ಸಮೇತ. ಜಯಮ್ಮ ತಾಳಿ ಹಿಡಿದುಕೊಂಡು ಎದ್ದು ಹೊರಟರು.

ಹೊರಗೆ ಪುಟ್ಟಸ್ವಾಮಿ ನಗಲು ನೋಡಿದ. "ಏನಾಯ್ತೀಗ ಬುಡು, ಎರಡನೇ ಸಲ ಸತ್ತೆ ಅಷ್ಟೇಯ."

ಜಯಮ್ಮ ನಗಲಿಲ್ಲ. "ಮೇಷ್ಟ್ರೇ, ಆ ಪಟ ಅವ್ರಿಗೆ ಎಲ್ ಸಿಕ್ತು?"

"ಗೊತ್ತಿಲ್ಲಮ್ಮ" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯಂ ವದ ಎಂದು ಬೋಧಿಸಿದ ಬಾಯಿ ತಡವರಿಸಲೂ ಇಲ್ಲ. ಉಂಗುರದ ಕೈ ಮಾತ್ರ ತಾನಾಗಿಯೇ ಜುಬ್ಬದ ಜೇಬಿಗೆ ಹೋಯಿತು. ಆಕೆ ನನ್ನ ಮುಖ ನೋಡಲಿಲ್ಲ, ಜೇಬನ್ನೇ ನೋಡಿದರು. ಆಮೇಲೆ ಗಂಡನನ್ನು ಸೀದಾ ಸ್ನಾನಘಟ್ಟಕ್ಕೆ ಕರೆದೊಯ್ದು ಹೊಳೆಯಲ್ಲಿ ತಲೆ ಮುಳುಗುವಂತೆ ಅದ್ದಿ ಎಬ್ಬಿಸಿದರಂತೆ.

ಪುಟ್ಟಸ್ವಾಮಿಯ ಫೋನು ಬರುವುದು ನಿಂತುಹೋಯಿತು. ಪಟದೆದುರು ಅತ್ತ ಸಿನಿಮಾದ ಆ ಖದೀಮನಿಗಿಂತ ನಾನು ಯಾವುದರಲ್ಲಿ ಮೇಲು ಎಂದು ಹದಿನೈದು ದಿನ ಲೆಕ್ಕ ಹಾಕಿ, ಉತ್ತರ ಸಿಗದೆ, ಪಟವನ್ನು ಚೀಲಕ್ಕೆ ಹಾಕಿಕೊಂಡು ಶೀಳನೆರೆಯ ಬಸ್ಸು ಹತ್ತಿದೆ. ಪುಟ್ಟಸ್ವಾಮಿ ಗದ್ದೆಗೆ ಹೋಗಿದ್ದ, ಅಥವಾ ಹಾಗೆಂದು ಹೇಳಿಸಿದ್ದ. ಜಯಮ್ಮನೆದುರೇ ತಪ್ಪೊಪ್ಪಿಕೊಂಡೆ. ಜಯಮ್ಮ ಪೂರ್ತಿ ಕೇಳಿಸಿಕೊಂಡರು. ಚೌಕಟ್ಟು ಬಿಚ್ಚಿ ಫೋಟೋ ತೆಗೆದು, ಕತ್ತರಿ ತಂದು, ಗಂಡನ ಹೆಗಲ ಅಂಚಿಗೇ ನಿಧಾನವಾಗಿ ಕತ್ತರಿಸಿ, ನನ್ನ ಅರ್ಧವನ್ನು ನನಗೆ ಕೊಟ್ಟರು.

"ಇವ್ರುದ್ನ ನಾಲೆಗೆ ಬುಟ್ಬುಡ್ತೀನಿ, ಪೀಡೆ ತೊಲಗ್ಲಿ. ನಿಮ್ ಬೆರಳು ಅದ್ರಲ್ಲೇ ಸೇರ್ಕಂಡವೆ, ಏನೂ ಮಾಡಕ್ಕಾಗಲ್ಲ."

ಕಾಫಿ ಕೊಟ್ಟರು. ಊಟ ಮಾಡಿಕೊಂಡು ಹೋಗಿ ಎನ್ನಲಿಲ್ಲ. ನಲವತ್ತು ವರ್ಷದಲ್ಲಿ ಆ ಮನೆಯಿಂದ ಆ ಮಾತು ಕೇಳದೆ ನಾನು ಹೊರಟದ್ದು ಅದೇ ಮೊದಲು.

ಆ ಅರ್ಧ ಈಗ ಹಳೆಯ ಚೌಕಟ್ಟಿನಲ್ಲಿ, ಹಳೆಯ ಮೊಳೆಯಲ್ಲೇ ಇದೆ. ಶಾಲು ಹೊದ್ದು ಹಲ್ಲು ಕಿರಿದು ನಿಂತವನು ಪಕ್ಕಕ್ಕೆ ಕೈ ಚಾಚಿದ್ದಾನೆ, ಕೈಗೆ ಬೆರಳಿಲ್ಲ. ಬೆಳಿಗ್ಗೆ ಉಳಿದೆಲ್ಲ ಪಟಗಳನ್ನು ನೆಟ್ಟಗೆ ಮಾಡುತ್ತೇನೆ. ಅದೊಂದನ್ನು ಮುಟ್ಟುವುದಿಲ್ಲ, ವಾಲಿಕೊಂಡೇ ಇರಲಿ.